ಮೂರು ಸಿಲಿಂಡರೋ, ನಾಲ್ಕು ಸಿಲಿಂಡರೋ?

1983ರ ಡಿಸೆಂಬರ್ ತಿಂಗಳಲ್ಲಿ ಮಾರುತಿ 800 ಎಂಬ ಪುಟ್ಟ ಕಾರು ನಮ್ಮ ದೇಶದ ರಸ್ತೆಗಿಳಿಯಿತು. ಅದುವರೆಗೆ ಜನರು ಚೆನ್ನಾಗಿ ಬಲ್ಲ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಎಂಜಿನುಗಳಿಗೆ ನಾಲ್ಕು ಸಿಲಿಂಡರುಗಳಿದ್ದವು. ಹೊಸ ಕಾರಿಗಾದರೋ ಇದ್ದುದು ಮೂರೇ. ಎಂಜಿನಿನ ಗಾತ್ರ 796 ಘನ ಸೆಂಟಿಮೀಟರು. ನಾಲ್ಕು ಕಾಲಿನ ಮಂಚಕ್ಕೆ ಒಂದು ಕಾಲು ಕಡಮೆಯಾದಂತಲ್ಲವೇ ಇದು ಎಂದು ಯಾರಿಗಾದರೂ ತೋರಬಹುದು. ವಿಷಯ ಅಷ್ಟು ಸರಳವಲ್ಲ.

ಇಂತಹ ಎಂಜಿನಿನಲ್ಲಿ ಪಿಸ್ಟನ್ನು ಇಂಧನ ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಅದನ್ನು ಒತ್ತುತ್ತದೆ, ಅದು ಉರಿದಾಗ ಕೆಳಕ್ಕೆ ತಳ್ಳಲ್ಪಡುತ್ತದೆ, ಕಡೆಗೆ ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕು ನಡೆಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕುದಂಡವು ಎರಡು ಸುತ್ತು, ಎಂದರೆ 720 ಡಿಗ್ರಿ, ತಿರುಗಿರುತ್ತದೆ. ದುಡಿಯುವ ನಡೆ ನಾಲ್ಕರಲ್ಲಿ ಒಂದೇ. ನಾಲ್ಕು ಸಿಲಿಂಡರುಗಳಿದ್ದರೆ 180 ಡಿಗ್ರಿಗೊಮ್ಮೆ ಒಂದಲ್ಲ ಒಂದು ಪಿಸ್ಟನ್ನು ದಂಡವನ್ನು ನೂಕುತ್ತದೆ. ಒಂದರ ನೂಕು ಮುಗಿಯುತ್ತಲೇ ಇನ್ನೊಂದರದು ಮೊದಲಾಗುತ್ತದೆ. ಮೂರೇ ಇದ್ದರೆ ಈ ಅಂತರ 240 ಡಿಗ್ರಿ. ನಡುವೆ 60 ಡಿಗ್ರಿಗಳಷ್ಟು ಹೊತ್ತು ನೂಕುವವರೇ ಇಲ್ಲ! ಆಗ ದಂಡವನ್ನು ಮುಂದಕ್ಕೆ ಸಾಗಿಸುವುದು ಗತಿಪಾಲಕ ಚಕ್ರದ ಜಡತ್ವ. ಎಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತಿರುವಾಗ ನಾಲ್ಕರದ್ದು 1600 ದಹನ, ಮೂರರದ್ದು 1200. ಸಿಗ್ನಲಿನಲ್ಲಿ ನಿಂತ ಮೂರು ಸಿಲಿಂಡರಿನ ಕಾರು ಸಣ್ಣಗೆ ನಡುಗುವುದಕ್ಕೆ ಇದು ಮುಖ್ಯ ಕಾರಣ.

ಇನ್ನೊಂದು ಕಾರಣವೂ ಉಂಟು. ಇಲ್ಲಿ ನಾಲ್ಕೂ ನಿರ್ದೋಷಿಯಲ್ಲ. ಅದರಲ್ಲಿ ಎರಡು ಪಿಸ್ಟನ್ನುಗಳು ಮೇಲೇರುವಾಗ ಎರಡು ಕೆಳಗಿಳಿಯುತ್ತವೆ. ಆದರೂ ಅವುಗಳ ವೇಗಗಳು ಕ್ಷಣಕ್ಷಣಕ್ಕೂ ಸರಿಸಮವಾಗಿರವು. ಆದಕಾರಣ ಸುತ್ತಿಗೆ ಎರಡು ಬಾರಿಯಂತೆ ಮೇಲುಕೆಳಗಿನ ಸಣ್ಣ ಕುಲುಕು ಉಳಿದೇ ಉಳಿಯುತ್ತದೆ. ಮೂರರಲ್ಲಿ ಈ ಬಲಗಳು ಪರಸ್ಪರ ಅಳಿದುಹೋಗುತ್ತವೆ. ಆದರೆ ತುದಿಯ ಪಿಸ್ಟನ್ನುಗಳು ಬೇರೆ ಬೇರೆ ಸಮಯದಲ್ಲಿ ಎಳೆಯುವುದರಿಂದ ಇಡೀ ಎಂಜಿನು ಏತದ ಮರದಂತೆ ತೂಗಲೆಳಸುತ್ತದೆ. ಇದನ್ನಡಗಿಸಲು ಕೆಲವರು ಎದುರುದಿಕ್ಕಿನಲ್ಲಿ ತಿರುಗುವ ಸಮತೋಲನ ದಂಡವನ್ನು ಜೋಡಿಸುತ್ತಾರೆ; ಮತ್ತೆ ಕೆಲವರು ಗತಿಪಾಲಕ ಚಕ್ರದ ಒಂದು ಮಗ್ಗುಲಿಗೆ ಬೇಕೆಂದೇ ಹೆಚ್ಚು ತೂಕ ಕೊಡುತ್ತಾರೆ.

ಇಷ್ಟು ಪಾಡುಪಟ್ಟು ಮೂರನ್ನೇಕೆ ಆರಿಸಬೇಕು? ಗಾತ್ರವೊಂದೇ ಆಗಿದ್ದರೆ ಮೂರರಲ್ಲಿ ಉಜ್ಜುವ ಮೈ ಕಡಮೆ, ಗೋಡೆಗಳ ಮೂಲಕ ಸೋರುವ ಶಾಖವೂ ಕಡಮೆ, ಎಂಜಿನು ಹಗುರ. ಉಳಿಯುವುದು ಪೆಟ್ರೋಲು. ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಇದು ಸಣ್ಣ ಮಾತಲ್ಲ. 2024ರಲ್ಲಿ ಬಂದ ಹೊಸ ಸ್ವಿಫ್ಟ್ ಕಾರಿನಲ್ಲಿ ಹಿಂದಿನ ನಾಲ್ಕು ಸಿಲಿಂಡರಿನ ಎಂಜಿನಿಗೆ ಬದಲಾಗಿ ಮೂರರದ್ದನ್ನು ಇರಿಸಿದರು. ಗಾತ್ರ ಮಾತ್ರ ಮೊದಲಿನಂತೆಯೇ 1197 ಘನ ಸೆಂಟಿಮೀಟರು.

ಐದು ಜನರನ್ನೂ ಗಂಟುಮೂಟೆಗಳನ್ನೂ ಹೊತ್ತು ಆಗುಂಬೆಯ ತಿರುವುಗಳನ್ನು ಏರುವಾಗ ಕಾರು ಏದುಸಿರು ಬಿಟ್ಟರೆ ಸಿಲಿಂಡರುಗಳ ಸಂಖ್ಯೆಯನ್ನಷ್ಟೇ ದೂರುವುದು ನ್ಯಾಯವಲ್ಲ. ಒಟ್ಟು ಗಾತ್ರವೆಷ್ಟು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದೆಯೇ, ಚಾಲಕನು ತಕ್ಕ ಗೇರಿಗೆ ಇಳಿದನೇ ಎಂಬುದನ್ನು ಮೊದಲು ಕೇಳಬೇಕು. ನಡುಕದ ವಿಷಯವಾದರೆ, ಕೊಳ್ಳುವ ಮುನ್ನ ಎಂಜಿನನ್ನು ಓಡಿಸಿಟ್ಟು, ಮನೆಯ ಹಿರಿಯರನ್ನು ಹಿಂದಿನ ಆಸನದಲ್ಲಿ ಹತ್ತು ನಿಮಿಷ ಕುಳ್ಳಿರಿಸಿ ಕೇಳಿದರಾಯಿತು.