ದುರ್ಬೀನಿಗೊಂದು ಗಟ್ಟಿ ಕಾಲು

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಮಾಸ್ತರ. ಊರು ದೇವರಗುಡ್ಡ, ವಯಸ್ಸು 54. ಹಕ್ಕಿ ನೋಡುವ ಗೀಳು ಮೊದಲಿನಿಂದಲೂ ಇದೆ. ಬೆಂಗಳೂರಿನಲ್ಲಿರುವ ತಂಗಿಯ ಮಗ ಕಳೆದ ದೀಪಾವಳಿಗೆ ಒಂದು ಸ್ಪಾಟಿಂಗ್ ಸ್ಕೋಪ್ ತಂದುಕೊಟ್ಟ. 80 ಮಿ.ಮೀ. ಗಾಜು, 20ರಿಂದ 60 ಪಟ್ಟು ಹತ್ತಿರ ತರುತ್ತದೆ. ಅದಕ್ಕೆ ಹಗುರವಾದ ಟ್ರೈಪಾಡ್ ಒಂದನ್ನು ನಾನೇ ಆನ್‌ಲೈನಿನಲ್ಲಿ ತರಿಸಿದೆ. ಎಂಟನೇ ತರಗತಿ ಮಕ್ಕಳನ್ನು ಹಾವೇರಿಯ ಹೆಗ್ಗೇರಿ ಕೆರೆಗೆ ಕರೆದುಕೊಂಡು ಹೋದೆ. ಒಬ್ಬರಿಗೂ ಹಕ್ಕಿ ನೆಟ್ಟಗೆ ಕಾಣಲಿಲ್ಲ. “ಸರ್, ಎಲ್ಲಾ ಕುಣಿಯಾಕತ್ತೈತ್ರಿ” ಅಂದವು. ನಾನು ನೋಡಿದರೂ ಹಾಗೇ. ಸ್ಕೋಪಿನಲ್ಲೇ ದೋಷವಿದೆಯೇ, ಅಥವಾ ನನ್ನ ಕೈ ನಡುಗಲು ಶುರುವಾಗಿದೆಯೇ? ಹುಡುಗನಿಗೆ ಹೇಳಿದರೆ ನೊಂದುಕೊಳ್ಳುತ್ತಾನೆ. ಅಂಗಡಿಯವರು ಕಾರ್ಬನ್ ಫೈಬರಿನದೇ ಬೇಕು, ನಲವತ್ತು ಸಾವಿರ ಆಗುತ್ತದೆ ಅನ್ನುತ್ತಾರೆ. ನಾನು ತೆಗೆದಿಟ್ಟಿರುವುದು ಹನ್ನೆರಡು ಸಾವಿರ. ಮಗಳ ಮದುವೆ ಎದುರಿಗಿದೆ. ಸಾಲ ಮಾಡಲೇ, ಸ್ಕೋಪನ್ನೇ ಮಾರಲೇ?
– ಹೆಸರು ಬೇಡ, ದೇವರಗುಡ್ಡ

ಉತ್ತರ: ಗುರುಗಳೇ, ಸಾಲ ಬೇಡ, ಸ್ಕೋಪ್ ಮಾರುವುದೂ ಬೇಡ. ಹುಡುಗನ ಉಡುಗೊರೆಯನ್ನು ದೂರುವ ಮೊದಲು ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಏಳರ ಹೊತ್ತಿಗೆ ಸ್ಕೋಪನ್ನು ಈಗಿರುವ ಟ್ರೈಪಾಡಿನ ಮೇಲೆ ಕೂರಿಸಿ, ದೂರದ ಕರೆಂಟು ಕಂಬಕ್ಕೆ ಗುರಿಯಿಟ್ಟು, 40 ಪಟ್ಟಿಗೆ ತಿರುಗಿಸಿ, ಎರಡೂ ಕೈ ಹಿಂದೆ ಕಟ್ಟಿಕೊಂಡು ನೋಡಿ. ಟ್ರೈಪಾಡಿನ ಕಾಲಿಗೆ ಯಾರಾದರೂ ಬೆರಳಿನಿಂದ ಒಮ್ಮೆ ತಟ್ಟಲಿ. ಅಲುಗಾಟ ಒಂದು ಸೆಕೆಂಡಿನೊಳಗೆ ನಿಂತರೆ ಸ್ಟ್ಯಾಂಡ್ ಸರಿಯಿದೆ ಅನ್ನಿ. ಮೂರು ನಾಲ್ಕು ಸೆಕೆಂಡು ಓಲಾಡುತ್ತಲೇ ಇದ್ದರೆ ನಿಮ್ಮ ಕೈಯನ್ನೂ ಗಾಜನ್ನೂ ಅನುಮಾನಿಸಬೇಕಿಲ್ಲ. ನೀವು ಬರೆದದ್ದನ್ನು ಓದಿದರೆ ಎರಡನೆಯದೇ ಆಗುತ್ತದೆ ಎಂದು ನನಗನ್ನಿಸುತ್ತದೆ. ಚಹಾದ ಲೋಟ ಹಿಡಿದಾಗಲೂ ಕೈ ನಡುಗುತ್ತಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ. ಇಲ್ಲದಿದ್ದರೆ ಆ ಭಯವನ್ನು ಇವತ್ತೇ ಬಿಟ್ಟುಬಿಡಿ.

ಸ್ಕೋಪ್ ಹಕ್ಕಿಯನ್ನು 60 ಪಟ್ಟು ದೊಡ್ಡದು ಮಾಡುವಾಗ ಅಲುಗಾಟವನ್ನೂ 60 ಪಟ್ಟು ದೊಡ್ಡದು ಮಾಡುತ್ತದೆ. ಸಾಮಾನ್ಯವಾಗಿ 20 ಪಟ್ಟಿನಲ್ಲಿ ಸಾವಿರ ಮೀಟರ್ ದೂರದಲ್ಲಿ ಸುಮಾರು 35 ಮೀಟರ್ ಅಗಲದ ನೋಟ ಸಿಕ್ಕರೆ, 60ಕ್ಕೆ ಹೋದಾಗ ಅದು ಅರ್ಧಕ್ಕಿಳಿಯುತ್ತದೆ. ಬೆಳಕೂ ಕಡಿಮೆಯಾಗುತ್ತದೆ. 80 ಮಿ.ಮೀ. ಗಾಜಿನಿಂದ ಕಣ್ಣಿಗೆ ಬರುವ ಬೆಳಕಿನ ಕೋಲು 20 ಪಟ್ಟಿನಲ್ಲಿ 4 ಮಿ.ಮೀ. ದಪ್ಪ ಇರುತ್ತದೆ, 60ರಲ್ಲಿ 1.3 ಮಿ.ಮೀ. ಅಷ್ಟು ಸಣ್ಣ ಬೆಳಕು ಕುಣಿಯತೊಡಗಿದರೆ ಮಕ್ಕಳ ಕಣ್ಣು ಅದನ್ನು ಹಿಡಿಯುವುದಾದರೂ ಹೇಗೆ? ದಸರೆಯಲ್ಲಿ ನಿಮ್ಮೂರಿನ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುವಾಗ ಎಲ್ಲರ ಕಣ್ಣೂ ಮೇಲಿರುತ್ತದೆ, ಬುಡದಲ್ಲಿ ಬಿಲ್ಲು ಹಿಡಿದವರ ರಟ್ಟೆಯನ್ನು ಯಾರೂ ಗಮನಿಸುವುದಿಲ್ಲ. ದುರ್ಬೀನಿನ ವ್ಯವಹಾರವೂ ಹಾಗೇ ಆಗಿದೆ. ಗಾಜಿಗೆ ಕೈಬಿಚ್ಚಿ ಖರ್ಚು ಮಾಡುತ್ತೇವೆ, ಕಾಲಿಗೆ ಬಂದಾಗ ಉಳಿತಾಯ ನೆನಪಾಗುತ್ತದೆ.

ಹಾಗೆಂದು ಎಲ್ಲ ಕುಣಿತವನ್ನೂ ಕಾಲಿನ ತಲೆಗೆ ಕಟ್ಟಬೇಡಿ. ನಿಮ್ಮ ಕಡೆಯ ಎರೆ ಹೊಲಗಳು ಚಳಿಗಾಲದಲ್ಲೂ ಹತ್ತು ಗಂಟೆಯ ಮೇಲೆ ಕಾದು ಬಿಸಿಲ್ಗುದುರೆ ಏಳುತ್ತದೆ. ಆಗ ಹಕ್ಕಿಯ ಅಂಚು ನೀರಿನೊಳಗಿದ್ದಂತೆ ತೊಯ್ದಾಡುತ್ತದೆ. ಅದಕ್ಕೆ ಲಕ್ಷ ರೂಪಾಯಿಯ ಸ್ಟ್ಯಾಂಡಿನಲ್ಲೂ ಮದ್ದಿಲ್ಲ. 25-30 ಪಟ್ಟಿಗೆ ಇಳಿಸಿ, ಇಲ್ಲವೇ ಬೆಳಿಗ್ಗೆ ಬೇಗ ಹೊರಡಿ. ಚೌಕಟ್ಟು ಪೂರ್ತಿ ಅಲುಗಿದರೆ ಕಾಲಿನ ದೋಷ. ಚೌಕಟ್ಟು ನಿಂತಿದ್ದು ಒಳಗಿನ ಚಿತ್ರ ಮಾತ್ರ ಕದಡಿದರೆ ಗಾಳಿಯ ಬಿಸಿ.

ಇನ್ನು ಕೊಳ್ಳುವ ಮಾತು. ಕಾರ್ಬನ್ ಫೈಬರ್ ಒಳ್ಳೆಯ ವಸ್ತು. ಹಗುರ, ಅಲುಗಾಟವನ್ನು ಬೇಗ ನುಂಗುತ್ತದೆ. ಆದರೆ ಅದರ ದೊಡ್ಡ ಲಾಭ ಇರುವುದು ದಿನವಿಡೀ ಹೆಗಲ ಮೇಲೆ ಹೊತ್ತು ಬೆಟ್ಟ ಏರುವವರಿಗೆ. ನೀವು ಬೈಕಿನಲ್ಲೋ ಟೆಂಪೋದಲ್ಲೋ ಕೆರೆ ಏರಿಯವರೆಗೆ ಹೋಗಿ ಅಲ್ಲೇ ನಿಲ್ಲುವವರು. ನಿಮಗೆ ತೂಕ ಶತ್ರುವಲ್ಲ, ಗಾಳಿಯಲ್ಲಿ ಅದೇ ನೆಂಟ. ಅಲ್ಯೂಮಿನಿಯಮ್ಮಿನದು ಸಾಕು. ಮೇಲಿನ ಕೊಳವೆ 25 ಮಿ.ಮೀ.ಗಿಂತ ದಪ್ಪವಿರಲಿ. ಕಾಲಿಗೆ ಮೂರು ಮಡಿಕೆಯಿದ್ದರೆ ನಾಲ್ಕು ಮಡಿಕೆಯದಕ್ಕಿಂತ ಮೇಲು, ಯಾಕೆಂದರೆ ನಾಲ್ಕನೆಯ ಕೊಳವೆ ಕಡ್ಡಿಯಷ್ಟು ಸಣ್ಣದಾಗಿರುತ್ತದೆ. ನಿಮ್ಮಂಥ 80 ಮಿ.ಮೀ. ಸ್ಕೋಪು ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ. ಅದರ ಎರಡರಷ್ಟಾದರೂ ಹೊರುವ ಕಾಲು ಮತ್ತು ಹೆಡ್ ಬೇಕು. ನಡುವಿನ ಕಂಬವನ್ನು ಮೇಲೆತ್ತದೆಯೇ ನಿಮಗೆ ಸಾಕಷ್ಟು ಎತ್ತರ ಸಿಗಬೇಕು. ಆ ಕಂಬ ಎತ್ತಿದಿರೋ, ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದ ಹಾಗೆ.

ಎತ್ತರ ಎಷ್ಟಿರಬೇಕು ಎಂಬುದು ಸ್ಕೋಪಿನ ರೂಪದ ಮೇಲಿದೆ, ಅದನ್ನು ನೀವು ಬರೆದಿಲ್ಲ. ಕಣ್ಣಿಡುವ ಭಾಗ ಮೇಲಕ್ಕೆ ಓರೆಯಾಗಿದ್ದರೆ ನಿಮ್ಮ ಅದೃಷ್ಟ. ಎದೆಮಟ್ಟದ ಸ್ಟ್ಯಾಂಡ್ ಸಾಕು, ಗಿಡ್ಡ ಹುಡುಗಿಯೂ ಉದ್ದ ಹುಡುಗನೂ ಅದೇ ಎತ್ತರದಲ್ಲಿ ನೋಡುತ್ತಾರೆ. ನೇರವಾಗಿದ್ದರೆ ಕಣ್ಣಿನ ಮಟ್ಟಕ್ಕೆ ಏರಿಸಬೇಕು, ಕಾಲು ಇನ್ನೂ ಗಟ್ಟಿ ಬೇಕು. ಅಂಥ ಸ್ಕೋಪಿದ್ದರೆ ಕೆಳಗೆ ಇಳಿಸಿ, ಮಕ್ಕಳನ್ನು ಕೂರಿಸಿಯೇ ತೋರಿಸಿ.

ಎಲ್ಲರೂ ಮರೆಯುವುದು ಹೆಡ್ಡನ್ನು. ಕಾಲು ಮತ್ತು ಸ್ಕೋಪಿನ ನಡುವೆ ಕೂರುವ ಈ ತುಂಡೇ ಅರ್ಧ ಕೆಲಸ ಮಾಡುತ್ತದೆ. ಫೋಟೋಗ್ರಾಫರುಗಳು ಬಳಸುವ ಗುಂಡು ಹೆಡ್, ಅಂದರೆ ಬಾಲ್ ಹೆಡ್, ನಿಮಗೆ ಬೇಡವೇ ಬೇಡ. ತಿರುಪು ಸಡಿಲಿಸಿದ ಕೂಡಲೇ ಸ್ಕೋಪು ಒಂದು ಬದಿಗೆ ಧೊಪ್ಪನೆ ವಾಲುತ್ತದೆ. ಮಗುವಿನ ಬೆರಳು ನಡುವೆ ಸಿಕ್ಕರೆ ಜಜ್ಜುತ್ತದೆ ಕೂಡ. ಬೇಕಾದದ್ದು ವೀಡಿಯೋದವರ ಫ್ಲೂಯಿಡ್ ಹೆಡ್, ಉದ್ದ ಹಿಡಿಕೆಯದು. ಒಳಗಿನ ದಪ್ಪ ಗ್ರೀಸು ಚಲನೆಯನ್ನು ತಡೆದು ನಯಗೊಳಿಸುತ್ತದೆ. ಒಂದೇ ಕೈಯಲ್ಲಿ ಮೇಲೆ-ಕೆಳಗೆ, ಎಡ-ಬಲ ತಿರುಗಿಸಬಹುದು. ಹುಲ್ಲುಗಾವಲಿನ ಮೇಲೆ ತಗ್ಗಿ ತೇಲುವ ಹ್ಯಾರಿಯರ್ ಎಂಬ ಬೇಟೆಹಕ್ಕಿಯನ್ನು ಹಿಂಬಾಲಿಸಲು ಬೇರೆ ದಾರಿಯಿಲ್ಲ. ಕೈ ಬಿಟ್ಟರೆ ಸ್ಕೋಪು ಬಿಟ್ಟಲ್ಲೇ ನಿಲ್ಲಬೇಕು. ಮುಗ್ಗರಿಸಿದರೆ ಪ್ಲೇಟನ್ನು ಹಿಂದೆ ಮುಂದೆ ಸರಿಸಿ ತೂಕ ಸರಿದೂಗಿಸಿ. ಪ್ಲೇಟಿನ ಸ್ಕ್ರೂ ಕಾಲಿಂಚಿನದು, ಬಹುತೇಕ ಎಲ್ಲ ಸ್ಕೋಪಿಗೂ ಕೂರುತ್ತದೆ.

ಈಗ ನಿಮ್ಮ ಹನ್ನೆರಡು ಸಾವಿರಕ್ಕೆ ಬರೋಣ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಲ್ಲೆಡೆ ಮದುವೆ ವೀಡಿಯೋ ಮಾಡುವ ಸ್ಟುಡಿಯೋಗಳಿವೆ. ಅವರು ಕ್ಯಾಮೆರಾ ಬದಲಿಸಿದಾಗ ಹಳೆಯ ಭಾರದ ಸ್ಟ್ಯಾಂಡುಗಳನ್ನು ಮೂಲೆಗೆ ಸರಿಸುತ್ತಾರೆ. ಅಲ್ಲಿ ಹೋಗಿ ಕೇಳಿ. ಸ್ಕೋಪನ್ನು ಜೊತೆಗೇ ಒಯ್ಯಿರಿ. ಮೇಲೆ ಹೇಳಿದ ತಟ್ಟುವ ಪರೀಕ್ಷೆಯನ್ನು ಅಂಗಡಿಯ ಬಾಗಿಲಲ್ಲಿ, ಬೀದಿಯ ಆಚೆ ತುದಿಯ ಬೋರ್ಡಿಗೆ ಗುರಿಯಿಟ್ಟು ಮಾಡಿ. ಹೆಡ್ಡನ್ನು ಎಲ್ಲ ಕಡೆ ತಿರುಗಿಸಿ, ಎಲ್ಲಾದರೂ ಕಚ್ಚಿಕೊಂಡರೆ ಅಥವಾ ಗ್ರೀಸು ಸೋರಿದ ಕಲೆಯಿದ್ದರೆ ಬೇಡ. ಕಾಲುಗಳ ನಡುವೆ ಅಡ್ಡಪಟ್ಟಿಗಳಿರುವ ವೀಡಿಯೋ ಸ್ಟ್ಯಾಂಡು ಕಲ್ಯಾಣಮಂಟಪದ ಸಪಾಟು ನೆಲಕ್ಕೆ ಸರಿ, ಕೆರೆ ದಂಡೆಯ ತಗ್ಗುದಿಣ್ಣೆಗೆ ತೊಡಕು. ಆ ಪಟ್ಟಿ ಬಿಚ್ಚಿ ಒಂದೊಂದು ಕಾಲನ್ನೂ ಬೇರೆ ಬೇರೆ ಕೋನದಲ್ಲಿ ಊರಲು ಬರುತ್ತದೆಯೇ ನೋಡಿ. ಹೊಸದೇ ಬೇಕೆಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ, ಅಲ್ಲೂ ಕೈಯಿಂದ ಮುಟ್ಟಿಯೇ ಕೊಳ್ಳಿ. ಕೀಲು ತಿರುಗಿಸಿ ಬಿಗಿಯುವಂಥದ್ದಕ್ಕಿಂತ ಚಿಮುಟಿಯಂತೆ ಮಡಚುವ ಲಾಕು ನಿಮ್ಮ ಮಣ್ಣಿಗೆ ಒಳ್ಳೆಯದು. ಎರೆಮಣ್ಣಿನ ಧೂಳು ತಿರುಗುವ ಲಾಕಿನ ಒಳಗೆ ಹೊಕ್ಕರೆ ಬಿಡಿಸುವುದು ಕಷ್ಟ.

ಸ್ಟ್ಯಾಂಡು ಬರುವವರೆಗೆ ಕೈಕಟ್ಟಿ ಕೂರಬೇಡಿ. ಗಟ್ಟಿ ಬಟ್ಟೆಯ ಚೀಲ ಹೊಲಿಸಿ, ಮುಕ್ಕಾಲು ಭಾಗ ಜೋಳ ತುಂಬಿ, ಬಾಯಿ ಹೊಲಿದುಬಿಡಿ. ಕೆರೆಯ ತೂಬಿನ ಕಟ್ಟೆಯ ಮೇಲೋ ಟೆಂಪೋ ಕಿಟಕಿಯ ಮೇಲೋ ಅದನ್ನಿಟ್ಟು ಸ್ಕೋಪನ್ನು ಒತ್ತಿ ಕೂರಿಸಿದರೆ 30 ಪಟ್ಟಿನಲ್ಲಿ ಸೊಗಸಾಗಿ ಕಾಣುತ್ತದೆ. ಗಾಡಿಯ ಎಂಜಿನ್ ಆಫ್ ಆಗಿರಲಿ. ಜೋಳಕ್ಕೆ ನುಸಿ ಹತ್ತದಂತೆ ಚೀಲವನ್ನು ಆಗಾಗ ಬಿಸಿಲಿಗಿಡಿ.

ಬಯಲಿನಲ್ಲಿ ನಿಲ್ಲಿಸುವಾಗ ಒಂದು ಕಾಲು ಹಕ್ಕಿಯ ಕಡೆಗಿರಲಿ, ಉಳಿದೆರಡರ ನಡುವೆ ನೀವು ನಿಲ್ಲಿ. ಇಳಿಜಾರಿನಲ್ಲಿ ಎರಡು ಕಾಲು ತಗ್ಗಿನ ಕಡೆಗೆ. ಗುಡ್ಡದ ಮೇಲೆ ಗಾಳಿ ಬೀಸುವಾಗ ಸ್ಟ್ಯಾಂಡಿನ ನಡುವಿನ ಕಂಬಕ್ಕೆ ಭಾರದ ಚೀಲ ತೂಗುಬಿಡುವುದುಂಟು. ನೇತಾಡಿದರೆ ಅದೇ ಹೊಸ ಅಲುಗಾಟವಾಗುತ್ತದೆ, ಚೀಲದ ಬುಡ ನೆಲ ಮುಟ್ಟುವ ಹಾಗೆ ಕಟ್ಟಿ. ಹಸಿ ಎರೆಯಲ್ಲಿ ಕಾಲು ಹೂತರೆ ಮನೆಗೆ ಬಂದು ತೊಳೆದು, ಕೊಳವೆಗಳನ್ನು ಹೊರಗೆಳೆದೇ ಒಣಗಿಸಿ.

ಇಷ್ಟು ವಿವರವಾಗಿ ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಪಕ್ಕದಲ್ಲೇ 1974ರಲ್ಲಿ ಘೋಷಿತವಾದ, 119 ಚದರ ಕಿ.ಮೀ. ಹರಹಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವಿದೆ. ಒಂದು ಕಾಲಕ್ಕೆ ಅಲ್ಲಿ ಎರ್ಲಡ್ಡು, ಅಂದರೆ ದೊರೆವಾಯನ ಹಕ್ಕಿ, ಓಡಾಡಿಕೊಂಡಿತ್ತು. ಈಗ ರಾಜ್ಯದಲ್ಲಿ ಅದರ ಹೆಸರು ಕೇಳಬೇಕೆಂದರೆ ಸಿರುಗುಪ್ಪದ ಕಡೆಗೆ ಹೋಗಬೇಕು, ಅಲ್ಲೂ ಬೆರಳೆಣಿಕೆ. ಬಯಲು ಹಕ್ಕಿಗೆ ಮನುಷ್ಯ ಹತ್ತಿರ ಬರುವುದೇ ಸಂಕಟ. ಚಿತ್ರ ಕುಣಿಯತೊಡಗಿದರೆ ಮಕ್ಕಳು “ಇನ್ನಷ್ಟು ಹತ್ತಿರ ಹೋಗೋಣ್ರಿ ಸರ್” ಅನ್ನುತ್ತಾರೆ, ಹಕ್ಕಿ ಏಳುತ್ತದೆ. ಕಾಲು ಗಟ್ಟಿಯಿದ್ದರೆ ಇನ್ನೂರು ಮೀಟರ್ ದೂರದಿಂದಲೇ ಕಣ್ಣು ತುಂಬುತ್ತದೆ.

ಈ ಚಳಿಗಾಲಕ್ಕೆ ಸ್ಟ್ಯಾಂಡು ಸಿಕ್ಕರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಕ್ಕಳನ್ನು ಕರೆದೊಯ್ಯಿರಿ. 2024ರಲ್ಲಿ ಜಾಗತಿಕ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ ಅದು. ಹೊಲಗಳಲ್ಲಿ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಹಗಲು ಅಲ್ಲಿ ನೀರಿನ ಮೇಲೆ ತಂಗುತ್ತವೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ತೊಡಿಸಿದ ಇಂಥ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದಿದೆ. ಆ ಪಟ್ಟಿಯ ಅಕ್ಷರ, ಅಂಕಿ ಓದಲು 40ರ ಮೇಲಿನ ಪಟ್ಟು ಬೇಕು, ಅಲುಗದ ಚಿತ್ರ ಬೇಕು. ಮಕ್ಕಳಲ್ಲಿ ಒಬ್ಬರಿಗೆ ಓದುವ ಕೆಲಸ, ಇನ್ನೊಬ್ಬರಿಗೆ ಬರೆದುಕೊಳ್ಳುವ ಕೆಲಸ ಕೊಡಿ. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ದಿನಾಂಕವನ್ನು ಅಲ್ಲಿನ ಅರಣ್ಯ ಸಿಬ್ಬಂದಿಗೆ ತಿಳಿಸಿ, ತಂಗಿಯ ಮಗನಿಗೂ ಫೋನು ಮಾಡಿ.