ಒಂದೇ ಊರು ಸಾಕು, ಮಗಳೇ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಲಿಮಸೋಲ್‌ನಿಂದ ನೀನು ಕಳಿಸುವ ಫೋಟೋಗಳಲ್ಲೆಲ್ಲ ಬರೀ ಕಡಲೇ ಇರುತ್ತಿತ್ತು. ಶನಿವಾರ ಟ್ರೂಡೋಸ್ ಬೆಟ್ಟಕ್ಕೆ ಹೊರಟಿದ್ದೀಯೆಂದು ನಿಮ್ಮಮ್ಮ ಹೇಳಿದಾಗ ಹಿಗ್ಗಾಯಿತು. ಆದರೆ ಟೂರಿನ ಬಸ್ಸಿನಲ್ಲಿ ಒಂದೇ ದಿನಕ್ಕೆ ಕಿಕ್ಕೋಸ್ ಮಠ, ಓಮೊಡೋಸ್, ಲೆಫ್ಕಾರಾ, ಒಲಿಂಪಸ್ ಶಿಖರ ಎಲ್ಲವೂ ಎಂದು ಕೇಳಿ ಕಳವಳವಾಯಿತು. ಅದಕ್ಕೇ ಈ ಕಾಗದ.

ನಿವೃತ್ತಿಯ ವರ್ಷ ನಾನೂ ನಿನ್ನ ದೊಡ್ಡಮ್ಮನೂ ಸೈಪ್ರಸ್ಸಿಗೆ ಹೋಗಿದ್ದೆವಲ್ಲ, ಆ ಬೆಟ್ಟದ ದಾರಿ ಇನ್ನೂ ಕಣ್ಣಿಗೆ ಕಟ್ಟಿದೆ. ಸೆಖೆ ಕೆಳಗುಳಿಯುತ್ತದೆ, ದ್ರಾಕ್ಷಿತೋಟಗಳು ಮುಗಿದು ಪೈನ್ ಮರಗಳು ಶುರುವಾಗುತ್ತವೆ. 1,952 ಮೀಟರಿನ ಶಿಖರ ನಮ್ಮ ಮುಳ್ಳಯ್ಯನಗಿರಿಗಿಂತ ಒಂದಿಷ್ಟೇ ಎತ್ತರ. ಆದರೂ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಆ ಬೆಟ್ಟಸಾಲು ಒಂದು ಕಾಲದ ಕಡಲತಳ. ನೀರಿನಡಿ ಉಕ್ಕಿದ ಲಾವಾ ದಿಂಬುದಿಂಬಾಗಿ ಗಟ್ಟಿಯಾದ ಕಲ್ಲು ಅದರ ತಪ್ಪಲಲ್ಲಿ ಕಾಣುತ್ತದೆ. ಚಿಕ್ಕವಳಿದ್ದಾಗ ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನಿನ್ನನ್ನು ಕೂರಿಸಿ ಫೋಟೋ ತೆಗೆದೆನಲ್ಲ, ಅದೇ ಜಾತಿಯ ಕಲ್ಲು. ನಮ್ಮದು ವಯಸ್ಸಿನಲ್ಲಿ ಬಹಳ ಹಿರಿಯದು, ಅಷ್ಟೇ.

ನಿಕಿತಾರಿ ಎಂಬ ಹಳ್ಳಿಯ ಹತ್ತಿರ ಅಸಿನೂ ಚರ್ಚ್ ಇದೆ. ನಾವು ಹೋದಾಗ ಬಾಗಿಲಿಗೆ ಬೀಗ. ಹಿಮ ಜಾರಲೆಂದು ಕಡಿದಾಗಿ ಇಳಿಬಿಟ್ಟ ಹೆಂಚಿನ ಮಾಡು; ಹೊರಗಿನಿಂದ ನಮ್ಮ ಮಲೆನಾಡಿನ ಕೊಟ್ಟಿಗೆಯಂತೆಯೇ ಇತ್ತು. ಊರಿನ ಕಾಫಿ ಅಂಗಡಿಗೆ ಮರಳಿ ಕೈಸನ್ನೆಯಲ್ಲಿ ಕೇಳಿದೆವು. ಅಲ್ಲಿದ್ದ ಮುದುಕರೊಬ್ಬರು ಲೋಟ ಕೆಳಗಿಟ್ಟು ಎದ್ದುಹೋಗಿ ಪಾದ್ರಿಗಳನ್ನೇ ಕರೆತಂದರು. ಅವರು ಬರುವವರೆಗೆ ನಮ್ಮ ಮುಂದೆ ಕಾಫಿ, ತಣ್ಣೀರು, ಪಾಕದಲ್ಲಿ ನೆನೆದ ಇಡೀ ಅಕ್ರೋಟು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಬಾಗಿಲು ತೆರೆದರೆ ಒಳಗೆ ಗೋಡೆಯಿಂದ ಕಮಾನಿನವರೆಗೆ ಬಣ್ಣವೋ ಬಣ್ಣ. ಅತಿ ಹಳೆಯ ಚಿತ್ರಗಳು 1105-06ರವು. ಹೆಪ್ಪುಗಟ್ಟಿದ ಕೆರೆಯ ಮೇಲೆ ಬರಿಮೈಯಲ್ಲಿ ನಿಂತ ನಲವತ್ತು ಮಂದಿ ಹುತಾತ್ಮರ ಚಿತ್ರವೊಂದಿದೆ. ಒಬ್ಬೊಬ್ಬನ ಮುಖದಲ್ಲೂ ಚಳಿ ಬೇರೆಬೇರೆ. ನೋಡುತ್ತ ನೋಡುತ್ತ ನಿನ್ನ ದೊಡ್ಡಮ್ಮ ಸೆರಗು ಬಿಗಿಯಾಗಿ ಹೊದ್ದುಕೊಂಡಳು. ಪಾದ್ರಿಗಳು ಅವಸರಪಡಿಸಲಿಲ್ಲ. ಅಂಥ ಹತ್ತು ಚರ್ಚುಗಳು ಯುನೆಸ್ಕೋ ಪಟ್ಟಿಯಲ್ಲಿವೆ, ಹತ್ತನ್ನೂ ನೋಡಬೇಕೆಂದು ನಮಗೆ ಅನ್ನಿಸಲೇ ಇಲ್ಲ.

ಟೂರಿನ ಬಸ್ಸು ನಿನಗಾಗಿ ಕಾಯುವುದಿಲ್ಲ ಮಗು. ಬೀಗದ ಕೈ ಬರುವ ಮೊದಲೇ ಅದು ಹೊರಟಿರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಒಂದೇ ಊರು ಆರಿಸಿಕೋ. ಹಳ್ಳದ ಸದ್ದು ಬೇಕೆಂದರೆ ಕಾಕೋಪೆಟ್ರಿಯಾ ಆಗಲಿ, ಚಿತ್ರ ಬೇಕೆಂದರೆ ನಿಕಿತಾರಿ. ಬೆಳಿಗ್ಗೆಯೇ ಹೋಗಿ ಮೊದಲು ಕಾಫಿ ಅಂಗಡಿಯಲ್ಲಿ ಕೂತು, ಚರ್ಚಿನ ಬೀಗದ ಕೈ ಯಾರ ಹತ್ತಿರ ಇದೆಯೆಂದು ವಿಚಾರಿಸು. ಆಮೇಲಿನದನ್ನು ಊರಿನವರಿಗೇ ಬಿಡು.

ಸ್ನೇಹಿತರ ಕಾರಿನಲ್ಲಾದರೆ ಕತ್ತಲಾಗುವ ಮೊದಲೇ ಬೆಟ್ಟ ಇಳಿದುಬಿಡಿ. ಅಲ್ಲೂ ನಮ್ಮಂತೆ ಎಡಬದಿಯ ಸಂಚಾರವೇ, ಆದರೆ ತಿರುವುಗಳು ಬಹಳ. ಸ್ವೆಟರ್ ಮರೆಯಬೇಡ. ಚರ್ಚಿನೊಳಗೆ ಭುಜ ಮುಚ್ಚುವಂಥ ಬಟ್ಟೆಯಿರಲಿ.

ಟೂರಿಗೆ ಕಟ್ಟಿದ ಮುಂಗಡ ಹೋದರೆ ಹೋಗಲಿ, ಅದನ್ನು ನಾನು ಕಳಿಸುತ್ತೇನೆ. ಆ ಟಿಕೆಟ್ಟನ್ನು ಇವತ್ತೇ ರದ್ದು ಮಾಡಿಸು.

ಇಂತಿ,
ನಿನ್ನ ದೊಡ್ಡಪ್ಪ