ಮಾರಿ ಬಂದ ಲಾಭ, ದುಡಿದು ಬಂದ ಲಾಭ

ಗ್ರಾಮೀಣ ಬ್ಯಾಂಕಿನ ವಾರ್ಷಿಕ ಲೆಕ್ಕಪತ್ರ ಸಿಕ್ಕಾಗ ನಿವ್ವಳ ಲಾಭ ನೋಡುವ ಮುಂಚೆ ನಾನು 14ನೇ ಅನುಸೂಚಿ ತೆಗೆಯುತ್ತೇನೆ. 'ಇತರ ಆದಾಯ'ದ ಆ ಪಟ್ಟಿಯ ಹಲವು ಸಾಲುಗಳಲ್ಲಿ ಎರಡನ್ನು ಹುಡುಕುತ್ತೇನೆ: ಹೂಡಿಕೆ ಮಾರಿದ್ದರಿಂದ ಬಂದ ಲಾಭ-ನಷ್ಟ, ಜಮೀನು, ಕಟ್ಟಡ, ಇತರೆ ಆಸ್ತಿ ಮಾರಿದ್ದರಿಂದ ಬಂದ ಲಾಭ-ನಷ್ಟ. ಹತ್ತಿ, ಭತ್ತದ ರೊಕ್ಕ ಠೇವಣಿ ಇಡುವ ನಮ್ಮ ಸುರಪುರ ಭಾಗದ ಪ್ರತಿಯೊಬ್ಬರಿಗೂ ಈ ಎರಡು ಸಾಲು ಅರ್ಥವಾಗಬೇಕು.

ನಮ್ಮ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಕೂಡಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು ಉಳಿಯಿತು. ಅದರ ಕೇಂದ್ರ ಕಚೇರಿ ಬಳ್ಳಾರಿಯಲ್ಲಿದೆ. ಬ್ಯಾಂಕುಗಳು ಹೀಗೆ ಒಂದಾದಾಗ ಕಂಪ್ಯೂಟರು, ಕುರ್ಚಿ-ಮೇಜು ಹೆಚ್ಚಾಗಿ ಉಳಿದು ಮಾರಾಟಕ್ಕೆ ಬರುವುದು ಸಹಜ.

60,000 ರೂಪಾಯಿಯ ಒಂದು ಕಂಪ್ಯೂಟರು ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ ಶೇ 33.33 ಸವಕಳಿ ಬರೆಯಬೇಕು. ಎರಡು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು ಸುಮಾರು 20,000. ಆಗ 8,000ಕ್ಕೆ ಮಾರಿದರೆ 12,000 ನಷ್ಟ. ಮೂರು ವರ್ಷ ತುಂಬಿ ಪುಸ್ತಕದ ಬೆಲೆ ಸೊನ್ನೆಗೆ ಬಂದ ಮೇಲೆ ಅದೇ 8,000ಕ್ಕೆ ಮಾರಿದರೆ ಹೆಚ್ಚುಕಡಿಮೆ ಅಷ್ಟೂ ಲಾಭ!

ನಮ್ಮ ಮನೆಯ ಟ್ರ್ಯಾಕ್ಟರಿಗೂ ನಾನು ಇದೇ ಲೆಕ್ಕ ಇಟ್ಟಿದ್ದೆ. 5 ಲಕ್ಷಕ್ಕೆ ಕೊಂಡು ವರ್ಷಕ್ಕೆ 50,000 ಸವಕಳಿ ಬರೆದು, ಐದು ವರ್ಷದ ಮೇಲೆ 2.6 ಲಕ್ಷಕ್ಕೆ ಮಾರಿದೆವು. "ಈ ವರ್ಷ ಛಲೋ ಆತಲ್ಲಣ್ಣಾ" ಅಂದ ತಮ್ಮ. ಅವನ ಮುಂದೆ ವಹಿ ಇಟ್ಟು ತೋರಿಸಿದೆ: ಲಾಭ ಬರೀ 10,000, ಉಳಿದ 2.5 ಲಕ್ಷ ನಾವು ಹಾಕಿದ ರೊಕ್ಕವೇ ತಿರುಗಿ ಬಂದದ್ದು. ಅದರಲ್ಲಿ ಖರ್ಚಿಗೆ ಒಂದು ಪೈಸೆ ತೆಗೆಯದೆ ಪೈಪ್‌ಲೈನ್ ಸಾಲಕ್ಕೆ ಕಟ್ಟಿದೆವು.

ಬ್ಯಾಂಕಿನಲ್ಲಿ ದೊಡ್ಡ ಮೊತ್ತ ಆಡುವುದು ಸರ್ಕಾರಿ ಸಾಲಪತ್ರಗಳಲ್ಲಿ. ಶೇ 7 ಬಡ್ಡಿಯ ಪತ್ರ ಕೈಯಲ್ಲಿರುವಾಗ ಮಾರುಕಟ್ಟೆ ಬಡ್ಡಿ ಶೇ 8ಕ್ಕೆ ಏರಿದರೆ, ಆ ಹಳೆಯ ಪತ್ರವನ್ನು ಯಾರೂ ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ, ಮಾರಿದರೆ ನಷ್ಟ. ಬಡ್ಡಿ ಇಳಿದರೆ ಅದೇ ಪತ್ರ ಲಾಭ ತರುತ್ತದೆ. ಶಾಖೆಯ ಸಿಬ್ಬಂದಿ ಸಾಲ ಕೊಟ್ಟು, ವಸೂಲಿ ಮಾಡಿ ಗಳಿಸಿದ ಲಾಭ ಅದಲ್ಲ. ಮುಂದಿನ ವರ್ಷವೂ ಬರುತ್ತದೆಂಬ ಭರವಸೆಯೂ ಇಲ್ಲ.

ಇನ್ನೊಂದು ತಿಳಿವಳಿಕೆ ಬಹಳ ಮುಖ್ಯ. ಸಾಲಗಾರರ ಮನೆ ಹರಾಜಾದರೆ ಬರುವ ಹಣ ಬ್ಯಾಂಕಿನ ಆಸ್ತಿ ಮಾರಾಟದ ಲಾಭದ ಸಾಲಿಗೆ ಸೇರುವುದಿಲ್ಲ. ಬ್ಯಾಂಕಿನ ಸಾಲ ವಸೂಲಿಗಿರುವ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಸಾಲ, ಬಡ್ಡಿ, ಖರ್ಚು ಕಳೆದು ಉಳಿದದ್ದನ್ನು ಹಕ್ಕುಳ್ಳವರಿಗೆ ತಿರುಗಿ ಕೊಡಬೇಕು. ಕೃಷಿ ಜಮೀನು ಆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಮನೆ ಹರಾಜಾದವರು ಉಳಿಕೆ ಹಣದ ಲೆಕ್ಕವನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಮುಂದಿನ ಸಲ ಬ್ಯಾಂಕಿನ ಲಾಭದ ಸುದ್ದಿ ಓದಿದಾಗ ಆ ಎರಡು ಸಾಲಿನ ಮೊತ್ತ ಕಳೆದು ನೋಡಿ. ಆಮೇಲೂ ಲಾಭ ಉಳಿದರೆ ಬ್ಯಾಂಕು ದುಡಿದು ಗಳಿಸುತ್ತಿದೆ ಎಂದರ್ಥ. ಮನೆಯ ವಹಿಯಲ್ಲೂ ದುಡಿದದ್ದಕ್ಕೆ ಒಂದು, ಮಾರಿದ್ದಕ್ಕೆ ಒಂದು ಎಂದು ಎರಡು ಕಾಲಂ ಹಾಕಿ. ಸಂತೆ, ಫೀಸು, ಹಬ್ಬ ಮೊದಲನೆಯದರಲ್ಲೇ ನಡೆಯಲಿ; ಎರಡನೆಯದು ಸಾಲ ತೀರಿಸಲಿ, ಇಲ್ಲವೇ ಹೊಸ ಆಸ್ತಿಯಾಗಲಿ.